ಓಲ್ಡ್ ಕೋರ್ಸ್ ‘ದನ ಮೇಯುವ ಬಯಲು’ ಎಂದವರಿಗೆ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಳೆಯ ಗಾಲ್ಫ್ ಮೈದಾನ ಓಲ್ಡ್ ಕೋರ್ಸಿನ ಸ್ವಿಲ್ಕನ್ ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಅರ್ಧ ಗಂಟೆಯಲ್ಲಿ ಹಿಂತಿರುಗಿ, ‘ಸೇಂಟ್ ಆಂಡ್ರೂಸ್ ಬರೀ ದನ ಮೇಯುವ ಬಯಲು, ನಮ್ಮ ಬೆಂಗಳೂರಿನ ಕೆಜಿಎ ಗಾಲ್ಫ್ ಮೈದಾನ ಇದಕ್ಕಿಂತ ಚೆನ್ನ’ ಎಂದು ಬರೆದಿದ್ದೀರಿ. ಮೊದಲ ಸಲ ನಾನೂ ಬೇಲಿಗೆ ಒರಗಿಕೊಂಡೇ ಇಂಥ ತೀರ್ಪು ಕೊಟ್ಟವನು. ಮುಂದಿನ ವಾರ ಮತ್ತೆ ಆ ಕಡೆ ಹೋಗುವುದಿದ್ದರೆ ಭಾನುವಾರ ಹೋಗಿ. ದೊಡ್ಡ ಪಂದ್ಯಗಳಿದ್ದಾಗ ಬಿಟ್ಟರೆ ಅಂದು ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ಊರಿನವರು ನಾಯಿಗಳೊಂದಿಗೆ ಫೇರ್‌ವೇಯಲ್ಲೇ (ಕತ್ತರಿಸಿದ ಹುಲ್ಲಿನ ಆಟದ ಹಾದಿ) ಅಡ್ಡಾಡುತ್ತಾರೆ.

ಆದರೆ ಒಂದನೆಯ ಹೋಲ್‌ನ ಟೀಯಿಂದ, ಅಂದರೆ ಮೊದಲ ಹೊಡೆತದ ಜಾಗದಿಂದ, ಹೊರಡಬೇಡಿ. ಕೊನೆಯ ಹದಿನೆಂಟನೆಯ ಹೋಲ್‌ನಿಂದ ಆರಂಭಿಸಿ, ಗ್ರೀನ್‌ನಿಂದ (ಕುಳಿಯಿರುವ ನುಣುಪು ಹುಲ್ಲುಹಾಸು) ಟೀ ಕಡೆಗೆ, ಪೂರ್ತಿ ಉಲ್ಟಾ ನಡೆಯಿರಿ. ಇದು ನನ್ನ ಹುಚ್ಚಲ್ಲ. ಅಲ್ಲಿನ ಮೈದಾನ ಪಾಲಕ ಓಲ್ಡ್ ಟಾಮ್ ಮಾರಿಸ್ 1870ರ ಸುಮಾರಿಗೆ ಒಂದನೆಯ ಹೋಲ್‌ಗೆ ಪ್ರತ್ಯೇಕ ಗ್ರೀನ್ ಮಾಡುವವರೆಗೆ ಅಲ್ಲಿ ಆಟ ಸಾಗುತ್ತಿದ್ದದ್ದೇ ಆ ದಿಕ್ಕಿನಲ್ಲಿ. ಹಲವು ಬಂಕರ್‌ಗಳು (ಮರಳು ಗುಂಡಿಗಳು) ಇಂದಿಗೂ ಆ ಹಳೆಯ ದಿಕ್ಕಿಗೇ ಮುಖ ಮಾಡಿವೆ. ಹನ್ನೆರಡರ ಟೀ ಮೇಲೆ ನಿಂತರೆ ಹುಲ್ಲು ಬಿಟ್ಟು ಏನೂ ಕಾಣುವುದಿಲ್ಲ. ಗ್ರೀನ್ ಕಡೆಯಿಂದ ಟೀ ಕಡೆಗೆ ನೋಡಿ: ಫೇರ್‌ವೇ ನಡುವೆಯೇ ಗುಂಡಿಗಳು ಬಾಯಿ ತೆರೆದುಕೊಂಡಿರುತ್ತವೆ. ಹದಿನೇಳರ ರೋಡ್ ಬಂಕರ್ ಬಳಿ ನಿಧಾನಿಸಿ. ಅದರ ಅಗಲ ಅಳೆಯುತ್ತ ಕೂರಬೇಡಿ, ಸುತ್ತಲಿನ ನೆಲ ಎಷ್ಟು ದೂರದಿಂದಲೇ ಚೆಂಡನ್ನು ಅದರತ್ತ ಜಾರಿಸುತ್ತದೆ ಎಂದು ಗಮನಿಸಿ. ನೆಲದ ಲೆಕ್ಕದಲ್ಲಿ ಅದು ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ದೊಡ್ಡದು. ಮರ, ಕೊಳ, ಹೂವು ಯಾವುದೂ ಇಲ್ಲದೆ ಬರೀ ಇಳಿಜಾರಿನಿಂದ ಇಷ್ಟನ್ನು ಸಾಧಿಸುವುದೇ ನನಗೆ ಚೆಲುವು.

ಎರಡು ಹೋಲ್‌ಗಳು ಹಂಚಿಕೊಳ್ಳುವ ಜೋಡಿ ಗ್ರೀನ್‌ಗಳು ಏಳಿವೆ. ಒಂದೊಂದರಲ್ಲೂ ಎರಡು ಹೋಲ್‌ಗಳ ಸಂಖ್ಯೆ ಕೂಡಿದರೆ 18 ಬರುತ್ತದೆ. ಗ್ರೀನ್ ಮೇಲೆ ಕಾಲಿಡದೆ ಅಂಚಿನಲ್ಲೇ ನಿಂತು ಎಣಿಸಿ. ಬಂಕರ್‌ಗೆ ಇಳಿದು ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಉಲ್ಟಾ ನಡಿಗೆ ಎಲ್ಲ ಕಡೆಯೂ ಫಲಿಸುವುದಿಲ್ಲ. ಅಮೆರಿಕದ ಆಗಸ್ಟಾ ಮೈದಾನದಲ್ಲಿ ವಿನ್ಯಾಸಕ ಮೆಕೆಂಜಿ ಮತ್ತು ಆಟಗಾರ ಬಾಬಿ ಜೋನ್ಸ್ ನೋಟವನ್ನು ಆಟಗಾರನ ಮುಂದೆಯೇ ತೆರೆದಿಟ್ಟಿದ್ದಾರೆ. ಹಸಿರಾಗಿದ್ದರೆ ಮಾತ್ರ ಚೆಂದ ಎಂಬ ಚಟವೂ ಟಿವಿಯಲ್ಲಿ ಅಲ್ಲಿನ ಮಾಸ್ಟರ್ಸ್ ಪಂದ್ಯ ನೋಡಿ ಹತ್ತಿದ್ದೇ. ಬೇಸಿಗೆಯಲ್ಲಿ ಕಂದು ತಿರುಗಿದ ಫೆಸ್ಕ್ಯೂ ಹುಲ್ಲು ರೋಗವಲ್ಲ, ಗಟ್ಟಿ ನೆಲ ಬೇಕೆಂದರೆ ಅದೇ ಬೇಕು.

ಡಿಜೆಐ ಡ್ರೋನ್ ಮನೆಯಲ್ಲಿಡಿ. ಮೇಲಿನಿಂದ ಏರಿಳಿತವೆಲ್ಲ ಚಪ್ಪಟೆ. ಗಾರ್ಮಿನ್ ಗಡಿಯಾರ ದೂರ ಹೇಳೀತು, ನೆಲದ ಓರೆ ಹೇಳದು. ಇದೇ ಮೆಕೆಂಜಿ 1924ರಲ್ಲಿ ತಯಾರಿಸಿದ ಓಲ್ಡ್ ಕೋರ್ಸ್ ನಕ್ಷೆಯ ಪ್ರತಿ ಸಿಕ್ಕರೆ ಕೊಳ್ಳಿ, ಈ ಎರಡಕ್ಕಿಂತ ಉಪಯೋಗಿ. ನಡು ಮಧ್ಯಾಹ್ನ ಹೋದದ್ದೇ ನಿಮ್ಮ ಇನ್ನೊಂದು ತಪ್ಪು. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಸಂಜೆಯ ಓರೆ ಬೆಳಕಿನಲ್ಲಿ ನೆರಳು ಬಿದ್ದಾಗಲೇ ಉಬ್ಬುತಗ್ಗು ಎದ್ದು ಕಾಣುವುದು. ಊರಿಗೆ ರೈಲಿಲ್ಲ, ಲೂಕರ್ಸ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ವಾಪಸಿನ ಕೊನೆಯ ರೈಲು ಮೊದಲೇ ನೋಡಿಟ್ಟುಕೊಳ್ಳಿ.

ಇನ್ನೊಂದು ದಿನ ಉಳಿದರೆ ನಾರ್ತ್ ಬೆರಿಕ್ ಗಾಲ್ಫ್ ಮೈದಾನಕ್ಕೆ ಹೋಗಿ. ಎಡಿನ್‌ಬರೋದಿಂದ ನೇರ ರೈಲಿದೆ. ಹದಿಮೂರನೆಯ ಗ್ರೀನ್ ಮುಂದಿನ ಕಲ್ಲುಗೋಡೆ, ರೆಡಾನ್ ಎಂಬ ಹದಿನೈದನೆಯ ಹೋಲ್ ಎರಡನ್ನೂ ನೋಡಿ. ರೆಡಾನ್ ಗ್ರೀನ್ ಹಿಂದಕ್ಕೆ, ಎಡಕ್ಕೆ ವಾಲಿದೆ. ಧ್ವಜಕ್ಕೇ ಗುರಿಯಿಟ್ಟವನಿಗಿಂತ ಬಲಕ್ಕೆ ಬೀಳಿಸಿ ಉರುಳಲು ಬಿಟ್ಟವನಿಗೆ ಒಲಿಯುತ್ತದೆ. ಅಲ್ಲಿ ಭಾನುವಾರದ ರಜೆಯಿಲ್ಲ, ಕಡಲ ಕಡೆಯಿಂದ ನಡೆಯಿರಿ, ‘ಫೋರ್’ (ಚೆಂಡು ಬರುತ್ತಿದೆ, ಎಚ್ಚರ) ಎಂದು ಕೂಗಿದರೆ ತಲೆ ಬಗ್ಗಿಸಿ.