4 ಕಿಲೋಮೀಟರ್ ಆಫೀಸ್ ಓಡಾಟಕ್ಕೆ ಮೈಲೇಜ್ ಯಾಕೆ ಬೀಳುತ್ತೆ?

ಹೈವೇಲಿ ಲೀಟರಿಗೆ 18 ಕೊಡೋ ಪೆಟ್ರೋಲ್ ಕಾರು, 4 ಕಿಲೋಮೀಟರ್ ದೂರದ ಆಫೀಸಿಗೆ ದಿನಾ ಓಡಿಸಿದ್ರೆ 11ಕ್ಕೆ ಇಳಿದಿದೆ, ಇಂಜಿನ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸಲ್ಲ. ನಾಳೆ ಬೆಳಿಗ್ಗೆ ಟೆಂಪರೇಚರ್ ಮುಳ್ಳನ್ನು ಗಮನಿಸಿ: ಅದು ಮಧ್ಯಕ್ಕೆ ಬರೋ ಹೊತ್ತಿಗೆ ನೀವು ಆಫೀಸ್ ಗೇಟಲ್ಲಿರ್ತೀರಿ. ಇಂಜಿನ್ ತಣ್ಣಗಿದ್ದಾಗ ಆಯಿಲ್ ಮಂದವಾಗಿರುತ್ತೆ, ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ, ಅದಕ್ಕೇ ಇಸಿಯು (ಇಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಜಾಸ್ತಿ ಪೆಟ್ರೋಲ್ ಬಿಡುತ್ತೆ. ನಿಮ್ಮ ಓಡಾಟವೆಲ್ಲ ಆ ಹಂತದಲ್ಲೇ ಮುಗಿದುಹೋಗ್ತಿದೆ. ಹಾಗಂತ ನಿಲ್ಲಿಸಿಕೊಂಡು ಇಂಜಿನ್ ಬಿಸಿ ಮಾಡ್ಬೇಡಿ, ಅಷ್ಟು ಹೊತ್ತೂ ಮೈಲೇಜ್ ಸೊನ್ನೆ! ಸ್ಟಾರ್ಟ್ ಮಾಡಿ ಅರ್ಧ ನಿಮಿಷದಲ್ಲಿ ನಿಧಾನವಾಗಿ ಹೊರಡಿ. ದೂರದಲ್ಲೇ ಕೆಂಪು ಸಿಗ್ನಲ್ ಕಂಡ್ರೆ ಆಕ್ಸಿಲರೇಟರಿಂದ ಕಾಲು ತೆಗೆದು ಗೇರಲ್ಲೇ ಬಿಡಿ. ಅಂಗಡಿ ಕೆಲಸ ಏನಿದ್ರೂ ಸಂಜೆ ವಾಪಸ್ ಬರುವಾಗಲೇ ಮುಗಿಸಿಕೊಳ್ಳಿ, ಮನೆಗೆ ಬಂದು ಮತ್ತೆ ತಣ್ಣನೆ ಇಂಜಿನ್ನಲ್ಲಿ ಹೊರಡೋದು ತಪ್ಪುತ್ತೆ. ಟೈರ್ ಗಾಳಿಯನ್ನೂ ಒಮ್ಮೆ ನೋಡಿಸಿ.