ಡಯೋಡ್ ಹಾಕಿದ ಮೇಲೆ ರಿಲೇ ಎಳೆಯುತ್ತಿಲ್ಲ. ರಿಲೇ ಕಾಯಿಲ್‌ನಿಂದ ಕಿಡಿ ಬರಲು ಇನ್ನೊಂದು 9 ವೋಲ್ಟ್ ಬ್ಯಾಟರಿ ಸೇರಿಸಲಾ?

ಬ್ಯಾಟರಿ ಸೇರಿಸಬೇಡಿ. ಮೊದಲು ಡಯೋಡ್ ಯಾವ ಕಡೆ ತಿರುಗಿದೆ ನೋಡಿ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ರಿಲೇ ಅಂದರೆ ಒಳಗಿನ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ, ಕರೆಂಟ್ ಕೊಟ್ಟಾಗ ಟಕ್ ಅಂತ ಎಳೆಯುವ ಸ್ವಿಚ್.

ಪಿಯುಸಿಯಲ್ಲಿದ್ದಾಗ, ಟ್ಯಾಂಕ್ ತುಂಬಿದರೆ ಮೋಟಾರ್ ತಾನಾಗಿ ನಿಲ್ಲುವ ಸರ್ಕ್ಯೂಟ್ ಕಟ್ಟಲು ಹೊರಟಿದ್ದೆ. ತುಮಕೂರಿನಿಂದ ಬಸ್ ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 12 ವೋಲ್ಟ್ ರಿಲೇ, ಅದನ್ನು ಆನ್-ಆಫ್ ಮಾಡಲು ಬಿಸಿ547 ಟ್ರಾನ್ಸಿಸ್ಟರ್, 1ಎನ್4007 ಡಯೋಡ್ ತಂದೆ. ರಿಲೇ ಕಾಯಿಲ್‌ನ ಎರಡು ಕಾಲಿಗೆ ಡಯೋಡ್ ಸೋಲ್ಡರ್ ಮಾಡಿ ಸ್ವಿಚ್ ಒತ್ತಿದೆ. ಟಕ್ ಅನ್ನಲೇ ಇಲ್ಲ. ಸುಟ್ಟ ವಾಸನೆ ಬಂತು. ಟ್ರಾನ್ಸಿಸ್ಟರ್ ಬದಲಾಯಿಸಿದೆ, ಅದೂ ಹೋಯಿತು. ಮೂರನೆಯದು ಹೋದಾಗ ಅಳು ಬಂದಿತ್ತು, ಮಾರನೇ ದಿನವೇ ಪ್ರದರ್ಶನ.

ಕರೆಂಟ್ ಪ್ಲಸ್‌ನಿಂದ ಮೈನಸ್‌ಗೆ ಹರಿಯುತ್ತದೆ, ಹಾಗಾದರೆ ಡಯೋಡಿನ ಚಿಹ್ನೆಯಲ್ಲಿರುವ ಬಾಣವೂ ಆ ಕಡೆಗೇ ಇರಬೇಕು ಅಂತ ನಾನು ನಂಬಿದ್ದೆ. ತಪ್ಪಾಗಿದ್ದು ಅಲ್ಲೇ. ಹಾಗೆ ಹಾಕಿದರೆ ಕರೆಂಟಿಗೆ ಕಾಯಿಲ್‌ಗಿಂತ ಡಯೋಡೇ ಸುಲಭದ ದಾರಿ. 0.7 ವೋಲ್ಟ್ ಸುಮಾರಿಗೇ ಅದು ಬಾಗಿಲು ತೆರೆದುಬಿಡುತ್ತದೆ. ರಿಲೇಗೆ ಏನೂ ಉಳಿಯುವುದಿಲ್ಲ. 100 ಮಿಲಿಆಂಪಿಯರ್ ಮಾತ್ರ ತಾಳುವ ಬಿಸಿ547 ಮೇಲೆ ಪೂರ್ತಿ ಹೊರೆ ಬೀಳುತ್ತದೆ. ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆಗೇ ಇರಬೇಕು. ಆಗ ಸರ್ಕ್ಯೂಟ್ ಆನ್ ಇರುವಷ್ಟು ಹೊತ್ತು ಡಯೋಡ್ ಸುಮ್ನೆ ಇರುತ್ತದೆ. ಆಫ್ ಮಾಡಿದ ಕ್ಷಣ ಅದರ ಕೆಲಸ ಶುರು. ಕಾಯಿಲ್‌ನಲ್ಲಿ ಹರಿಯುತ್ತಿದ್ದ ಕರೆಂಟ್ ತಟ್ಟನೆ ನಿಲ್ಲಲು ಒಪ್ಪುವುದಿಲ್ಲ, ಅದೇ ದಿಕ್ಕಿಗೆ ನುಗ್ಗುತ್ತದೆ. ಡಯೋಡ್ ಇದ್ದರೆ ಅದರೊಳಗೇ ಸುತ್ತಿ ಸುತ್ತಿ ಇಳಿಯುತ್ತದೆ. ಇಲ್ಲದಿದ್ದರೆ ನೂರಾರು ವೋಲ್ಟ್ ಏರಿ ಸಂದಿನಲ್ಲಿ ಕಿಡಿಯಾಗಿ ಹಾರುತ್ತದೆ.

ಅದಕ್ಕೇ ಕಿಡಿಗೆ ಬ್ಯಾಟರಿ ಹೆಚ್ಚಿಸಬೇಕು ಅನ್ನುವ ಲೆಕ್ಕವನ್ನು ನಾನು ಒಪ್ಪಲ್ಲ. ಗಾಳಿಯ ಸಂದು ಎಷ್ಟೇ ಚಿಕ್ಕದಿದ್ದರೂ ದಾಟಲು 300 ವೋಲ್ಟ್‌ಗಿಂತ ಜಾಸ್ತಿ ಬೇಕು. 9 ಇದ್ದದ್ದು 18 ಆದರೆ ಏನು ಬಂತು? ಆ ವೋಲ್ಟೇಜ್ ಕೊಡುವುದು ಕಾಯಿಲ್, ಅದೂ ತಂತಿ ಬಿಡಿಸುವಾಗ. ಪೆಟ್ರೋಲ್ ಕಾರಿನ ಎಂಜಿನ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟ್ ಎಬ್ಬಿಸುವುದೂ ಹೀಗೇ ಕರೆಂಟ್ ಕಡಿದಾಗ. ಮನೆಯ 230 ವೋಲ್ಟ್ ಲೈನ್ ಮಾತ್ರ ಮುಟ್ಟಲೇಬೇಡಿ.

ಇವತ್ತೇ ಕಿಡಿ ನೋಡಬೇಕಾ? ಡಯೋಡ್ ತೆಗೆಯಿರಿ. ಬ್ಯಾಟರಿಯ ಒಂದು ತಂತಿ ನೇರ ರಿಲೇ ಕಾಯಿಲ್‌ನ ಒಂದು ಕಾಲಿಗೆ, ಇನ್ನೊಂದು ಕಬ್ಬಿಣದ ಅರಕ್ಕೆ (ಉಜ್ಜುವ ಫೈಲ್). ಕಾಯಿಲ್‌ನ ಉಳಿದ ಕಾಲಿಗೆ ತಂತಿ ಕಟ್ಟಿ, ಪ್ಲಾಸ್ಟಿಕ್ ಇರುವಲ್ಲಿ ಹಿಡಿದು ಅರದ ಹಲ್ಲುಗಳ ಮೇಲೆ ಎಳೆಯಿರಿ. ಬರಿ ತುದಿ ಹಿಡಿದರೆ ಜುಮ್ ಅನ್ನುತ್ತದೆ. ಲೈಟ್ ಆರಿಸಿದ್ದರೆ ಹಲ್ಲಿನಿಂದ ಹಲ್ಲಿಗೆ ಸಣ್ಣ ನೀಲಿ ಕಿಡಿಗಳ ಸಾಲು ಕಾಣುತ್ತದೆ. ಈಗ ಡಯೋಡನ್ನು ಸರಿಯಾಗಿ ತಿರುಗಿಸಿ ಕಾಯಿಲ್‌ಗೆ ಹಾಕಿ ಮತ್ತೆ ಎಳೆಯಿರಿ. ರಿಲೇ ಕಟಕಟ ಅನ್ನುತ್ತದೆ, ಕಿಡಿ ಇರುವುದಿಲ್ಲ.