ಟೆಕ್ಸಸ್ ಹೈಸ್ಕೂಲು: ಮೊದಲ ವಾರದ ಲೆಕ್ಕ

ಮಗಳು ಬೆಂಗಳೂರಿನಲ್ಲಿ ಸಿಬಿಎಸ್‌ಇ 9ನೇ ತರಗತಿ ಮುಗಿಸಿದ್ದಾಳೆ, ಜುಲೈನಲ್ಲಿ ಡಲ್ಲಾಸ್‌ನ ಉತ್ತರದ ಉಪನಗರಕ್ಕೆ ಬರುತ್ತಿದ್ದೇವೆ, ಸಾವಿರಾರು ಮಕ್ಕಳಿರುವ ಶಾಲೆಯಲ್ಲಿ ಅವಳು ಹೊಂದಿಕೊಳ್ಳುತ್ತಾಳಾ ಎಂದು ಕೇಳಿದ್ದೀರಿ. ಹೊಂದಿಕೊಳ್ಳುತ್ತಾಳೆ, ದೀಪಾವಳಿಯ ಹೊತ್ತಿಗೆ ಅವಳೇ ನಿಮಗೆ ದಾರಿ ತೋರಿಸುತ್ತಾಳೆ. ಎಡವುವುದು ಅಪ್ಪ ಅಮ್ಮ, ಅದೂ ಮೊದಲ ವಾರದಲ್ಲೇ, ಯಾವ ವಿಷಯ ಓದಬೇಕೆಂದು ಗೊತ್ತುಮಾಡುವ ಶಾಲೆಯ ಕೌನ್ಸೆಲರ್ ಮೇಜಿನ ಮುಂದೆ.

ಅದಕ್ಕೂ ಮುಂಚೆ ಮನೆ. ಯಾವ ಶಾಲೆ ಎಂಬುದನ್ನು ವಿಳಾಸ ನಿರ್ಧರಿಸುತ್ತದೆ. ರಸ್ತೆಯ ಆಚೆ ಬದಿಗೆ ಬೇರೆ ಶಾಲೆ ಇರಬಹುದು, ಬೇರೆ ಸ್ಕೂಲ್ ಡಿಸ್ಟ್ರಿಕ್ಟೇ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಇರಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಆ ವಿಳಾಸ ಹಾಕಿ ನೋಡಿ. ಬ್ರೋಕರ್ ಮಾತು ಸಾಲದು. ಕರಾರು ಮತ್ತು ಕರೆಂಟ್ ಬಿಲ್ ನಿಮ್ಮ ಹೆಸರಿನಲ್ಲಿರಲಿ. ಸ್ನೇಹಿತರ ಮನೆಯಲ್ಲಿ ಇಳಿದುಕೊಂಡರೆ ಅವರಿಂದ ನೋಟರಿ ಮಾಡಿಸಿದ ಪತ್ರ ಕೇಳುತ್ತಾರೆ. ವೀಸಾ ನೋಡಿ ಶಾಲೆ ಯಾರನ್ನೂ ತಡೆಯುವಂತಿಲ್ಲ. 1982ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟ ಮೊಕದ್ದಮೆ ಹುಟ್ಟಿದ್ದೇ ಟೆಕ್ಸಸ್‌ನ ಟೈಲರ್ ಊರಿನಲ್ಲಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಶಾಲೆಯೇ ಬೇರೆ ನಂಬರ್ ಕೊಡುತ್ತದೆ.

ಈಗ ಕ್ರೆಡಿಟ್ ವಿಷಯ. ಇಲ್ಲಿ ಇಡೀ ತರಗತಿ ಪಾಸಾಗುವ ಪದ್ಧತಿ ಇಲ್ಲ, ಒಂದೊಂದು ವಿಷಯಕ್ಕೂ ಪ್ರತ್ಯೇಕ ಖಾತೆ. ಒಂದು ವಿಷಯ ವರ್ಷವಿಡೀ ಓದಿದರೆ 1 ಕ್ರೆಡಿಟ್. ಹೈಸ್ಕೂಲು ಪದವಿಗೆ ಕನಿಷ್ಠ 22 ಬೇಕು. ಕಾಲೇಜಿಗೆ ಹೋಗುವ ಮಕ್ಕಳು ಸಾಮಾನ್ಯವಾಗಿ ಒಂದು ಕ್ಷೇತ್ರದಲ್ಲಿ ಹೆಚ್ಚುವರಿ ವಿಷಯ ಓದುವ ಎಂಡೋರ್ಸ್‌ಮೆಂಟ್ ಸೇರಿಸಿ 26 ಮಾಡಿಕೊಳ್ಳುತ್ತಾರೆ. ನಿಮ್ಮ ಅಂಕಪಟ್ಟಿಯಲ್ಲಿ ಬರೀ ಗಣಿತ, ವಿಜ್ಞಾನ ಎಂದಿರುತ್ತದೆ. ಇಲ್ಲಿ ಗಣಿತವೆಂದರೆ ಆಲ್ಜೀಬ್ರಾ 1, ಜಾಮೆಟ್ರಿ, ಆಲ್ಜೀಬ್ರಾ 2, ಪ್ರೀಕ್ಯಾಲ್ಕುಲಸ್ ಎಂದು ಮೆಟ್ಟಿಲು ಮೆಟ್ಟಿಲು. ನಮ್ಮಲ್ಲಿ ಬೀಜಗಣಿತ, ರೇಖಾಗಣಿತ ಎರಡನ್ನೂ ಬೆರೆಸಿ ಕಲಿಸಿರುವುದರಿಂದ ಯಾವ ಮೆಟ್ಟಿಲೆಂದು ಕೌನ್ಸೆಲರ್‌ಗೆ ತಿಳಿಯದೆ ಮಗುವನ್ನು ಕೆಳಗಿನದರಲ್ಲೇ ಕೂರಿಸುತ್ತಾರೆ. 10ನೇ ತರಗತಿಯಲ್ಲಿ ಆಲ್ಜೀಬ್ರಾ 1ಕ್ಕೆ ಕೂತವಳಿಗೆ 12ರೊಳಗೆ ಕಾಲೇಜು ಮಟ್ಟದ ಎಪಿ ಕ್ಯಾಲ್ಕುಲಸ್ ಎಟುಕುವುದು ಕಷ್ಟ. ಎಂಜಿನಿಯರಿಂಗ್‌ಗೆ ಅರ್ಜಿ ಹಾಕುವಾಗ ಅದು ಎದ್ದು ಕಾಣುತ್ತದೆ.

ಹಾಗಾಗಿ 7, 8, 9ನೇ ತರಗತಿಯ ಅಂಕಪಟ್ಟಿಗಳಿಗೆ ಶಾಲೆಯ ಮೊಹರು ಹಾಕಿಸಿ, ಒಂದು ಪ್ರತಿಯನ್ನು ಮುಚ್ಚಿದ ಲಕೋಟೆಯಲ್ಲಿ ತನ್ನಿ. ಜೊತೆಗೆ ಗಣಿತ ಮತ್ತು ವಿಜ್ಞಾನ ಪುಸ್ತಕಗಳ ಪರಿವಿಡಿ ಪುಟಗಳು, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾಳೆಂಬ ಪತ್ರ, ಪಾಸ್ ಅಂಕ ಎಷ್ಟೆಂಬ ವಿವರ. ಈ ಕೊನೆಯದು ಮುಖ್ಯ: ಇಲ್ಲಿ 70ಕ್ಕೆ ಪಾಸ್, ನಮ್ಮಲ್ಲಿ 33ಕ್ಕೆ. ಆ ವಿವರ ಇಲ್ಲದಿದ್ದರೆ ನಿಮ್ಮ 82 ಸಾಧಾರಣ ಬಿ ಗ್ರೇಡ್ ಆಗಿ ದಾಖಲಾಗಬಹುದು. ಹೊರದೇಶದ ಅಂಕಗಳು ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಸೇರುತ್ತವೋ ಅಥವಾ ಬರೀ ಪಾಸ್ ಎಂದು ನಮೂದಾಗುತ್ತವೋ ಎಂಬ ನಿಯಮ ಡಿಸ್ಟ್ರಿಕ್ಟಿಗೊಂದು. ಇಮೇಲಿನಲ್ಲೇ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಕೌನ್ಸೆಲರ್ ಒಪ್ಪದಿದ್ದರೆ ಕ್ರೆಡಿಟ್ ಬೈ ಎಕ್ಸಾಮ್, ಅಂದರೆ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ದಾರಿ ಇದೆ. ಮೊದಲೇ ಕಲಿತ ವಿಷಯಕ್ಕೆ 70, ಕಲಿಯದೆ ನೇರ ಬರೆದರೆ 80 ಬರಬೇಕು. ಹೆಸರು ನೋಂದಾಯಿಸುವ ಗಡುವು ಪರೀಕ್ಷೆಗೆ ಬಹಳ ಮುಂಚೆಯೇ ಮುಗಿದುಹೋಗುತ್ತದೆ, ಬಂದ ಮೇಲೆ ವಿಚಾರಿಸಿದರೆ ಬೇಸಿಗೆಯ ಅವಕಾಶ ತಪ್ಪಿತು. ಕ್ರೆಡಿಟ್ ಒಪ್ಪಿಸಿಕೊಳ್ಳುವುದರಿಂದ ಇನ್ನೊಂದು ಲಾಭ: ರಾಜ್ಯದ ಸ್ಟಾರ್ ಪರೀಕ್ಷೆಗಳು ಐದು (ಆಲ್ಜೀಬ್ರಾ 1, ಇಂಗ್ಲಿಷ್ 1 ಮತ್ತು 2, ಬಯಾಲಜಿ, ಅಮೆರಿಕದ ಇತಿಹಾಸ); ಇಲ್ಲಿಗೆ ಬರುವ ಮೊದಲೇ ಗಳಿಸಿ ಡಿಸ್ಟ್ರಿಕ್ಟ್ ಒಪ್ಪಿಕೊಂಡ ವಿಷಯಕ್ಕೆ ಅದನ್ನು ಬರೆಯಬೇಕಿಲ್ಲ.

ಇಷ್ಟು ಹಟ ಯಾಕೆ ಅಂದರೆ ರ‍್ಯಾಂಕ್. ಅದು ನಿಂತಿರುವುದು ಜಿಪಿಎ ಮೇಲೆ. 1997ರ ಕಾನೂನಿನ ಪ್ರಕಾರ ತರಗತಿಯ ಮೊದಲ ಶೇ. 10 ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಮಾತ್ರ ಅದನ್ನು ಬಿಗಿಗೊಳಿಸುತ್ತಾ ಬಂದು 2026ಕ್ಕೆ ಶೇ. 5ಕ್ಕೆ ಇಳಿಸಿದೆ. ಸಾವಿರ ಮಕ್ಕಳ ತರಗತಿಯಲ್ಲಿ ಐವತ್ತು ಜನ. ನಮ್ಮವರೇ ಕಿಕ್ಕಿರಿದಿರುವ ಶಾಲೆಯಲ್ಲಿ ಆ ಐವತ್ತರೊಳಗೆ ಬರುವುದು ಎಷ್ಟು ಕಷ್ಟ ಎಂಬುದನ್ನೂ ಮನೆ ಹುಡುಕುವಾಗಲೇ ಯೋಚಿಸಿ. "ಟಾಪ್ ಶಾಲೆ" ಎಂಬ ಹುಚ್ಚು ಇಲ್ಲಿ ತಿರುಗುಬಾಣವಾಗುವುದೂ ಉಂಟು.

ಭಾಷೆಗೆ 2 ಕ್ರೆಡಿಟ್ ಬೇಕು, ಎರಡೂ ಒಂದೇ ಭಾಷೆಯವು. ಅವಳು ಶಾಲೆಯಲ್ಲಿ ಕನ್ನಡವನ್ನೋ ಹಿಂದಿಯನ್ನೋ ಓದಿದ್ದರೆ ಆ ಅಂಕಪಟ್ಟಿಯನ್ನೇ ಮುಂದಿಟ್ಟು ಕೇಳಿ. ಇನ್ನೊಂದು ದಾರಿ ಭಾಷಾ ಸಾಮರ್ಥ್ಯದ ಪರೀಕ್ಷೆ; ಅವಾಂತ್ ಸಂಸ್ಥೆಯ ಸ್ಟ್ಯಾಂಪ್ ಎಂಬ ಅಂಥ ಪರೀಕ್ಷೆಯಲ್ಲಿ ಕನ್ನಡವೂ ಇದೆ. ಅದರಲ್ಲಿ ಬರೆಯುವುದು ಮತ್ತು ಮಾತಾಡುವುದು ಎರಡೇ ಭಾಗ. ನಿಮ್ಮ ಡಿಸ್ಟ್ರಿಕ್ಟ್ ಅದನ್ನು ಮಾನ್ಯ ಮಾಡುತ್ತದೆಯೇ ಎಂದು ಮೊದಲು ತಿಳಿದುಕೊಳ್ಳಿ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಕ್ಕಳು ಒತ್ತಕ್ಷರ ಬರೆಯುವಾಗ ಸಿಕ್ಕಿಬೀಳುತ್ತಾರೆ.

ಹಾಜರಿ ಶೇ. 90 ಇಲ್ಲದಿದ್ದರೆ ಪಾಸಾದ ವಿಷಯಕ್ಕೂ ಕ್ರೆಡಿಟ್ ತಡೆಯುತ್ತಾರೆ. ಸೆಮಿಸ್ಟರಿಗೆ ಸುಮಾರು 85 ದಿನ ಅಂದುಕೊಂಡರೆ ರಜಕ್ಕೆ ಉಳಿಯುವುದು ಎಂಟು ದಿನ. ಡಿಸೆಂಬರಿನ ಎರಡು ವಾರದ ರಜೆಗೆ ಊರಿನ ಮದುವೆ, ಗೃಹಪ್ರವೇಶ ಅಂತ ಇನ್ನೆರಡು ವಾರ ಸೇರಿಸುವವರು ಇಲ್ಲೇ ಸಿಕ್ಕಿಕೊಳ್ಳುವುದು. ಮೊಬೈಲು 2025ರಿಂದ ಶಾಲೆಯ ಹೊತ್ತಿನಲ್ಲಿ ನಿಷಿದ್ಧ.

ಎಚ್-4 (ಎಚ್-1ಬಿ ಉದ್ಯೋಗಿಯ ಕುಟುಂಬದವರಿಗೆ ಕೊಡುವ) ವೀಸಾದವಳಾದರೆ ಗೆಳತಿಯರಂತೆ ಅಂಗಡಿಯಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಹೈಸ್ಕೂಲು ಪದವಿಗೆ ಫಾಫ್ಸಾ ಅರ್ಜಿ (ಕಾಲೇಜು ಓದಿಗೆ ಕೇಂದ್ರ ಸರ್ಕಾರದ ಹಣದ ನೆರವು ಕೇಳುವ ಅರ್ಜಿ) ತುಂಬಿ ಎಂದು ಶಾಲೆ ಬೆನ್ನು ಹತ್ತುತ್ತದೆ. ಎಚ್-4ರವರಿಗೆ ಕೇಂದ್ರದ ಆ ನೆರವೇ ಇಲ್ಲ, ನೀವು ಸಹಿ ಮಾಡಿ ಹೊರಗುಳಿಯುವ ಫಾರಂ ಇದೆ, ಅದನ್ನು ಕೇಳಿ ಪಡೆಯಿರಿ.

ಅಮೆರಿಕನ್ ಫುಟ್ಬಾಲ್ ಬಗ್ಗೆಯೂ ಕೇಳಿದ್ದೀರಿ. ಪಕ್ಕದ ಆಲೆನ್ ಊರಿನ ಹೈಸ್ಕೂಲಿಗೆ 2012ರಲ್ಲಿ ಸುಮಾರು 6 ಕೋಟಿ ಡಾಲರಿನಲ್ಲಿ 18,000 ಆಸನಗಳ ಸ್ಟೇಡಿಯಂ ಕಟ್ಟಿದರು, ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಮುಚ್ಚಿ ರಿಪೇರಿ ಮಾಡಬೇಕಾಯಿತು. ಶುಕ್ರವಾರ ಸಂಜೆ ಊರೆಲ್ಲ ಅಲ್ಲೇ ಇರುತ್ತದೆ, ಒಮ್ಮೆ ಹೋಗಿ ಬನ್ನಿ.

ಕೊನೆಗೆ ಲಸಿಕೆ. ನಮ್ಮ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುವವು ಮೆನಿಂಜೊಕಾಕಲ್ (ಮಿದುಳು ಪೊರೆಯ ಸೋಂಕಿನದು), ಚಿಕನ್‌ಪಾಕ್ಸ್‌ನ ಎರಡನೇ ಡೋಸ್, ಹೆಪಟೈಟಿಸ್ ಎ. ಹತ್ತನೇ ವಯಸ್ಸಿಗೆ ಹಾಕಿಸಿದ ಟಿಡಿ (ಧನುರ್ವಾಯು, ಡಿಫ್ತೀರಿಯಾ ಲಸಿಕೆ) ಸಾಲದೆ ನಾಯಿಕೆಮ್ಮೂ ಸೇರಿದ ಟಿಡ್ಯಾಪ್ ಕೇಳಬಹುದು. ಬೆಂಗಳೂರಿನಲ್ಲೇ ಹಾಕಿಸಿ, ಡಾಕ್ಟರ್ ಸಹಿ ಮತ್ತು ಮೊಹರು ಇರಲಿ. ತಿಂಗಳನ್ನು ಅಕ್ಷರದಲ್ಲಿ ಬರೆಸಿ; 5/8 ಎಂದು ಬರೆದರೆ ನಮಗೆ ಆಗಸ್ಟ್ 5, ಇಲ್ಲಿನ ನರ್ಸ್‌ಗೆ ಮೇ 8.